9 ವಾಟಿನ ಎಲ್‌ಇಡಿ ಹಳೇ 60 ವಾಟಿನ ಬಲ್ಬಿನಷ್ಟೇ ಬೆಳಕು ಕೊಡುವುದು ಹೇಗೆ?

ವಾಟ್ ಅಂದರೆ ಬಲ್ಬ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕ. ಬೆಳಕಿನ ಅಳತೆ ಬೇರೆ, ಅದು ಲ್ಯೂಮೆನ್.

ಹಳೇ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ಎಳೆದದ್ದರಲ್ಲಿ 90 ಪರ್ಸೆಂಟಿಗೂ ಜಾಸ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಉರಿಯುವಾಗ ಮುಟ್ಟಿದರೆ ಕೈ ಸುಡುತ್ತದಲ್ವಾ, ಅದೇ. 60 ವಾಟಿಗೆ ಸಿಗುವುದು ಸುಮಾರು 700 ಲ್ಯೂಮೆನ್. ಅಷ್ಟೇ ಬೆಳಕಿಗೆ ಸಿಎಫ್‌ಎಲ್‌ಗೆ 13-14 ವಾಟ್ ಬೇಕು, ಎಲ್‌ಇಡಿಗೆ 7ರಿಂದ 9 ಸಾಕು.

ಹಾಗಾಗಿ ವಾಟ್ ನೋಡಿ ಹೋಲಿಸುವುದಾದರೆ ಒಂದೇ ಜಾತಿಯ ಬಲ್ಬುಗಳನ್ನು ಮಾತ್ರ ಹೋಲಿಸಿ. ಅಲ್ಲೂ ಪೂರ್ತಿ ನಂಬಬೇಡಿ: 9 ವಾಟಿನ ಎಲ್‌ಇಡಿಗಳಲ್ಲೇ ಒಂದು 800 ಲ್ಯೂಮೆನ್, ಇನ್ನೊಂದು 900 ಇರಬಹುದು. ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ಓದಿ.

ಅಂದಹಾಗೆ, ದೇವರ ಮನೆಯ ಹಳೇ ‘ಝೀರೋ ಬಲ್ಬ್’ ಕೂಡ ಸೊನ್ನೆ ವಾಟಿನದಲ್ಲ. ಅದು 12-15 ವಾಟ್ ಎಳೆಯುತ್ತದೆ!