ಅಮ್ಮನ ಸೀರೆ ನೆಲಕ್ಕೆ ತಾಗ್ತಿದೆ, ಇದೂ ಮೂಳೆ ಕಾಯಿಲೇನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಚಿಂತಾಮಣಿ ಹತ್ರ ಒಂದು ಹಳ್ಳಿ. ಅಮ್ಮಂಗೆ 62 ವರ್ಷ. ಡೇರಿಗೆ ಹಾಲು ಹಾಕಿ ಬರ್ತಾ ಮೆಟ್ಟಿಲ ಹತ್ರ ಜಾರಿ ಕೈ ಊರಿದ್ರು, ಅಷ್ಟಕ್ಕೇ ಮಣಿಕಟ್ಟು ಮುರೀತು. ಮೂಳೆ ಟೊಳ್ಳಾಗಿದೆ ಅಂತ ಪ್ಲಾಸ್ಟರ್ ಜೊತೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರ್ಕೊಟ್ರು, ಎದೆ ಉರಿ ಅಂತ ಎರಡೇ ವಾರಕ್ಕೆ ಬಿಟ್ಬಿಟ್ರು. ಕಾಫಿ ಜೊತೆ ನುಂಗಿ ಮತ್ತೆ ಮಲಗ್ತಿದ್ರು. ದಿನಾ ರಾಗಿಮುದ್ದೆ ತಿನ್ನೋರಿಗೆ ಮೂಳೆ ಹೆಂಗೆ ವೀಕಾಗುತ್ತೆ ಅಂತ ಮನೇಲಿ ಎಲ್ರೂ ಕೇಳ್ತಾರೆ. 40ಕ್ಕೇ ಗರ್ಭಕೋಶ ತೆಗೆಸಿದ್ರು. ಈಗೀಗ ಸೀರೆ ಎಷ್ಟು ಎತ್ತಿ ಉಟ್ರೂ ನೆರಿಗೆ ನೆಲಕ್ಕೆ ತಾಗುತ್ತಂತೆ. ಕೈ ಕೂಡಿದ್ಮೇಲೆ ಮಾತ್ರೆ ಬೇಕಾ?

ಉತ್ತರ: ಬೇಕಮ್ಮ, ಖಂಡಿತ ಬೇಕು. ನಿಮ್ಮ ಪತ್ರದಲ್ಲಿ ನಂಗೆ ಕೈಗಿಂತ ಜಾಸ್ತಿ ಚಿಂತೆ ಆಗಿದ್ದು ಆ ಸೀರೆ ಮಾತು. ಸೀರೆ ಉದ್ದ ಆಗಲ್ಲ, ಮನುಷ್ಯರು ಗಿಡ್ಡ ಆಗ್ತಾರೆ. ಬೆನ್ನಿನ ಮೂಳೆ ಒಳಗೊಳಗೇ ಕುಸಿದ್ರೆ ಎಷ್ಟೋ ಜನಕ್ಕೆ ನೋವೇ ಗೊತ್ತಾಗಲ್ಲ, ಎತ್ತರ ಕಮ್ಮಿ ಆಗಿ ಬೆನ್ನು ಬಾಗುತ್ತೆ ಅಷ್ಟೇ. ಮೊದಲು ಬೆನ್ನಿನ ಎಕ್ಸ್‌ರೇ ತೆಗೆಸಿ, ಅಲ್ಲೀತನಕ ಹಾಲಿನ ಕ್ಯಾನು, ಹುಲ್ಲಿನ ಹೊರೆ ಬಗ್ಗಿ ಎತ್ತೋದು ಬೇಡ.

ಮಂಡಿ ಸವೆತ ಬೇರೆ, ಮೂಳೆ ಟೊಳ್ಳಾಗೋ ಈ ಕಾಯಿಲೆ ಬೇರೆ. ಮಂಡಿ ನೋಯುತ್ತೆ, ಇದು ಮುರಿಯೋವರೆಗೂ ಸುಮ್ನಿರುತ್ತೆ. ನಿಂತ ಎತ್ತರದಿಂದ ಬಿದ್ದು ಈ ವಯಸ್ಸಲ್ಲಿ ಮಣಿಕಟ್ಟು ಮುರೀತು ಅಂದ್ರೆ ಅದೇ ದೊಡ್ಡ ಸೂಚನೆ, ಮುಂದಿನದು ಸೊಂಟದ ಮೂಳೆ ಆಗಬಾರದು, ಅದು ಮುರಿದ್ರೆ ಎಷ್ಟೋ ಜನ ಮತ್ತೆ ಮೊದಲಿನ ಥರ ಓಡಾಡಲ್ಲ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಅದರಲ್ಲಿ ಬರೋ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೊಪೊರೋಸಿಸ್, ಅಂದ್ರೆ ಇದೇ ಮೂಳೆ ಟೊಳ್ಳಾಗೋ ಕಾಯಿಲೆ.

ರಾಗಿ ಬಗ್ಗೆ ಕೇಳಿದ್ರಿ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಬಿಡಬೇಡಿ. ಆದ್ರೆ ಅಮ್ಮಂಗೆ ದಿನಕ್ಕೆ ಸುಮಾರು 1200 ಬೇಕು, ಅದು ಮೈಗೆ ಹತ್ತೋಕೆ ವಿಟಮಿನ್ ಡಿನೂ ಬೇಕು. ಹಾಲೆಲ್ಲ ಡೇರಿಗೆ ಹಾಕಿ ತಾವು ಕಾಫಿಗಷ್ಟೇ ಉಳಿಸ್ಕೊಳ್ಳೋ ತಾಯಂದಿರನ್ನ ದಿನಾ ನೋಡ್ತೀನಿ, ನಿಜಕ್ಕೂ ಸಂಕಟ ಆಗುತ್ತೆ. ಅದೂ ಅಲ್ದೆ ಮೂಳೆ ಕಾಯೋದು ಈಸ್ಟ್ರೋಜನ್ ಹಾರ್ಮೋನು, ಮುಟ್ಟು ನಿಂತ ಮೇಲೆ ಅದು ಕುಸಿಯುತ್ತೆ, ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆದಿದ್ರೆ 40ರಿಂದಲೇ ಮೂಳೆ ಕರಗೋಕೆ ಶುರುವಾಗಿರುತ್ತೆ.

ಇನ್ನು ಮಾತ್ರೆ. ಕಾಫಿ ಜೊತೆ ತಗೊಂಡ್ರೆ ಔಷಧಿ ಮೈಗೆ ಸೇರಲ್ಲ, ಮಲಗಿದ್ರೆ ಅನ್ನನಾಳ ಸುಡುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ದೊಡ್ಡ ಲೋಟ ಬರೀ ನೀರಲ್ಲಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಕೂತಿರಬೇಕು ಇಲ್ಲಾ ಓಡಾಡ್ತಿರಬೇಕು, ಕ್ಯಾಲ್ಸಿಯಂ ಮಾತ್ರೆ ಆಮೇಲೆ. ಆದ್ರೆ ಎದೆ ಉರಿ ಇನ್ನೂ ಇದ್ರೆ, ನುಂಗೋವಾಗ ನೋವಿದ್ರೆ, ಡಾಕ್ಟ್ರಿಗೆ ತೋರಿಸದೆ ಮತ್ತೆ ಶುರು ಮಾಡಬೇಡಿ. ಆಗಲ್ಲ ಅಂದ್ರೆ ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡೋ ಜೊಲೆಡ್ರೊನಿಕ್ ಆಸಿಡ್ ಇದೆ, ಅದಕ್ಕೆ ಮೊದ್ಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಟೆಸ್ಟ್ ಆಗಬೇಕು, ಹಲ್ಲು ಕೀಳಿಸೋದಿದ್ರೆ ಮುಂಚೆನೇ ಮುಗಿಸ್ಬೇಕು. 6 ತಿಂಗಳಿಗೊಂದು ಹಾಕೋ ಡೆನೊಸುಮಾಬ್ ಇಂಜೆಕ್ಷನ್ನೂ ಇದೆ, ಅದನ್ನ ಮಾತ್ರ ಮಧ್ಯದಲ್ಲಿ ತಪ್ಪಿಸಬಾರದು, ಬಿಟ್ರೆ ಬೆನ್ನುಮೂಳೆ ಒಂದರ ಹಿಂದೊಂದು ಮುರಿಯೋ ಅಪಾಯ ಇದೆ.

ಕುಡಿಯೋದು ಬೋರ್‌ವೆಲ್ ನೀರಾದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ. ನಮ್ಮ ಕಡೆ ಫ್ಲೋರೈಡ್ ಜಾಸ್ತಿ, ಕುದಿಸಿದ್ರೂ ಹೋಗಲ್ಲ, ಅದರಿಂದ ಸ್ಕ್ಯಾನಲ್ಲಿ ಮೂಳೆ ಗಟ್ಟಿ ಅಂತ ಕಂಡ್ರೂ ಒಳಗೆ ಪೆಳಸಾಗಿರಬಹುದು. ಹೋಗೋವಾಗ ಹಳೇ ಆಪರೇಷನ್ ಚೀಟಿ ಇದ್ರೆ ತಗೊಂಡ್ಹೋಗಿ.