ಟಾಪ್ ಬೈನಾಕ್ಯುಲರ್‌ಗಳಲ್ಲೂ ದೋಷ ಇರುತ್ತಾ? ಯಾವುದನ್ನ ಸಹಿಸ್ಕೋಬಹುದು?

ಇದ್ದೇ ಇರುತ್ತೆ. ಸ್ವರೋವ್‌ಸ್ಕಿ, ಝೈಸ್, ಲೈಕಾ ಯಾವ್ದೇ ತಗೊಳ್ಳಿ, ಒಂದು ದೋಷ ತಿದ್ದೋಕೆ ಹೋದ್ರೆ ಇನ್ನೊಂದು ತಲೆ ಎತ್ತುತ್ತೆ. ಅಂಚಿನವರೆಗೂ ಶಾರ್ಪ್ ಇರ್ಲಿ ಅಂತ ಫೀಲ್ಡ್ ಫ್ಲಾಟ್ನರ್ (ಅಂಚನ್ನೂ ಫೋಕಸ್‌ಗೆ ತರೋ ಲೆನ್ಸ್) ಹಾಕಿ, ಜೊತೆಗೆ ಡಿಸ್ಟಾರ್ಷನ್ನೂ (ನೇರ ಗೆರೆ ಬಾಗಿ ಕಾಣೋದು) ತೀರಾ ಕಮ್ಮಿ ಮಾಡಿದ್ರೆ ಬೈನಾಕ್ಯುಲರ್ ಅತ್ತಿತ್ತ ತಿರುಗಿಸುವಾಗ ದೃಶ್ಯ ಚೆಂಡಿನ ಮೇಲೆ ಉರುಳಿದ ಹಾಗೆ ಕಾಣುತ್ತೆ, ಇದನ್ನೇ ರೋಲಿಂಗ್ ಬಾಲ್ ಅನ್ನೋದು, ಕೆಲವರಿಗೆ ತಲೆ ಸುತ್ತುತ್ತೆ, ಕೆಲವರಿಗೆ ಗೊತ್ತೇ ಆಗಲ್ಲ, ಹಾಗಾಗಿ ರಿವ್ಯೂ ನಂಬ್ಕೊಂಡು ದುಡ್ಡು ಹಾಕ್ಬೇಡಿ, ನಿಮ್ಮ ಕಣ್ಣಲ್ಲೇ ನೋಡಿ.

ಬಿಳಿ ಮೋಡದ ಎದುರಿಗಿರೋ ಒಣ ಕೊಂಬೆಗೆ ಫೋಕಸ್ ಮಾಡಿ. ಕೊಂಬೆ ಅಂಚಲ್ಲಿ ನೇರಳೆ ಅಥವಾ ಹಸಿರು ಗೆರೆ ಬಂದ್ರೆ ಅದು ಕ್ರೊಮ್ಯಾಟಿಕ್ ಅಬೆರೇಷನ್. ವ್ಯೂ ಬದಿಯಲ್ಲಿ ಸ್ವಲ್ಪ ಇದ್ರೆ ಪರವಾಗಿಲ್ಲ, ಮಧ್ಯದಲ್ಲೇ ಕಂಡ್ರೆ ಈ ರೇಂಜಿನ ದುಡ್ಡಿಗೆ ಬೇಡ.

ನಾನು ಒಪ್ಪದೇ ಇರೋದು ಗ್ಲೇರ್. ಸೂರ್ಯ ಕೆಳಗಿದ್ದಾಗ (ಸೂರ್ಯನನ್ನ ಮಾತ್ರ ನೋಡಲೇಬೇಡಿ, ಕಣ್ಣು ಹೋಗುತ್ತೆ) ಅದೇ ದಿಕ್ಕಿನ ನೆರಳಲ್ಲಿರೋ ಪೊದೆ ನೋಡಿ. ವ್ಯೂ ಕೆಳಭಾಗಕ್ಕೆ ಬಿಳಿ ಮಬ್ಬು ಕವಿದ್ರೆ ಅದೇ ಗ್ಲೇರ್, ಪೊದೆಯೊಳಗಿನ ಹಕ್ಕಿ ಕಾಣಲ್ಲ, ಹಕ್ಕಿಗಳು ಚುರುಕಾಗಿರೋದೇ ಬೆಳಗ್ಗೆ ಸಂಜೆ ಅಲ್ವಾ.

ಕನ್ನಡಕ ಹಾಕೋರಾದ್ರೆ ಐ ರಿಲೀಫ್ (ಪೂರ್ತಿ ವ್ಯೂ ಕಾಣೋ ಹಾಗೆ ಕಣ್ಣನ್ನ ಐಪೀಸ್‌ನಿಂದ ಇಡಬಹುದಾದ ದೂರ) 16-17 ಮಿ.ಮೀ. ಆದ್ರೂ ಇರ್ಲಿ. ಮತ್ತೆ 10x42ಗಿಂತ 8x42 (8 ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಲೆನ್ಸ್ 42 ಮಿ.ಮೀ.) ತಗೊಳ್ಳಿ, ಎಕ್ಸಿಟ್ ಪ್ಯುಪಿಲ್ (ಐಪೀಸ್‌ನಿಂದ ಕಣ್ಣಿಗೆ ಬರೋ ಬೆಳಕಿನ ವೃತ್ತದ ಅಗಲ) 4.2 ಬದಲು 5.25 ಮಿ.ಮೀ. ಸಿಗುತ್ತೆ, ಕಣ್ಣು ಸ್ವಲ್ಪ ಆಚೀಚೆ ಆದ್ರೂ ವ್ಯೂ ಕಪ್ಪಾಗಲ್ಲ.