ಲೈಬ್ರರಿಗೆ ಕೋಹಾ ಹಾಕಿ, ಆದರೆ ಪುಕ್ಕಟೆ ಅನ್ನೋ ಕಾರಣಕ್ಕಲ್ಲ

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಕಾಲೇಜು ಲೈಬ್ರರಿಗೆ, ಪುಸ್ತಕದ ಪಟ್ಟಿ ಮತ್ತು ಇಶ್ಯೂ-ರಿಟರ್ನ್ ಲೆಕ್ಕ ನೋಡಿಕೊಳ್ಳುವ ಕೋಹಾದಂಥ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್ ಹಾಕೋಣ ಅಂದರೆ ಮೇಲಿನವರು "ಪುಕ್ಕಟೆ ಸಿಗೋದನ್ನ ನಂಬೋದು ಹೇಗೆ, ನಾಳೆ ಕೆಟ್ಟರೆ ಯಾರನ್ನ ಹಿಡಿಯೋದು" ಅಂತಿದ್ದಾರೆ. ಎರಡನೆಯದು, ಕನ್ನಡ ಪುಸ್ತಕಗಳು ಅದರಲ್ಲಿ ಹುಡುಕಿದರೆ ಸಿಗುತ್ತವಾ. ಮೂರನೆಯದು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಹಳೇ ಪ್ರಶ್ನೆಪತ್ರಿಕೆಗಳನ್ನೂ ಅದರೊಳಗೇ ಇಡಬಹುದಾ. ನಾನು ಲೈಬ್ರೇರಿಯನ್, ದಿನಾ ಕೋಹಾದಲ್ಲೇ ಕೆಲಸ ಮಾಡುವವನು. ಹಾಗಾಗಿ ಕೌಂಟರ್ ಕಡೆಯಿಂದ ಕಂಡಷ್ಟನ್ನು ಹೇಳುತ್ತೇನೆ.

ಮೇಲಿನವರ ಅನುಮಾನದಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಅರ್ಧ ಸರಿ. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ ಅನ್ನೋದು ನಿಜ. ಆದರೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಹಳೇ ಡೇಟಾ ತುಂಬಿಸಲು ತಿಂಗಳುಗಟ್ಟಲೆ ದುಡಿಮೆ ಬೇಕು. ಇವೆಲ್ಲದರ ಲೆಕ್ಕ ಹಾಕದೆ "ಇಷ್ಟು ಉಳಿತಾಯ" ಅಂತ ಕಾಗದದಲ್ಲಿ ಬರೆದುಕೊಟ್ಟರೆ ಮುಂದೆ ನೀವೇ ಸಿಕ್ಕಿಹಾಕಿಕೊಳ್ಳುತ್ತೀರಿ. ಆದ್ದರಿಂದ ಉಳಿತಾಯದ ವಾದವನ್ನು ಬದಿಗಿಟ್ಟು ಅವರಿಗೆ ಒಂದೇ ಪ್ರಶ್ನೆ ಕೇಳಿ: ಈಗಿರುವ ಸಾಫ್ಟ್‌ವೇರ್ ಬಿಡಬೇಕು ಅಂತಾದರೆ ನಮ್ಮ ಕ್ಯಾಟಲಾಗು, ಸದಸ್ಯರ ಪಟ್ಟಿ, ಇಶ್ಯೂ-ರಿಟರ್ನ್ ಇತಿಹಾಸ ಎಲ್ಲವನ್ನೂ ಬೇರೆ ಕಡೆ ಓದಲು ಬರುವ ರೂಪದಲ್ಲಿ ನಾವೇ ಹೊರತೆಗೆಯಬಹುದಾ? ಎಷ್ಟೋ ಕಡೆ ಉತ್ತರ "ಕಂಪನಿಯವರನ್ನ ಕೇಳಬೇಕು" ಅಂತಿರುತ್ತೆ. ನಮ್ಮ ಪುಸ್ತಕದ ಪಟ್ಟಿಗೆ ನಾವೇ ಅರ್ಜಿ ಹಾಕಿಕೊಳ್ಳುವ ಸ್ಥಿತಿ ಅದು.

ಕೋಹಾದಲ್ಲಿ ಡೇಟಾ ಎಲ್ಲ ಇರುವುದು ಮಾಮೂಲಿ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸಿನಲ್ಲಿ. ಪುಸ್ತಕದ ವಿವರ ಮಾರ್ಕ್ 21 ಅನ್ನೋ, ಲೈಬ್ರರಿಗಳು ಪುಸ್ತಕದ ವಿವರ ಬರೆದಿಡಲು ಬಳಸುವ ಸಾಮಾನ್ಯ ರೂಪದಲ್ಲಿರುತ್ತೆ, ಬೇಕಾದಾಗ ಇಡೀ ಕ್ಯಾಟಲಾಗನ್ನು ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ಮಾರ್ಕ್ ಓದಬಲ್ಲ ಇನ್ಯಾವ ವ್ಯವಸ್ಥೆಗೆ ಬೇಕಾದರೂ ಆ ಫೈಲ್ ಹಿಡಿದುಕೊಂಡು ಹೋಗಬಹುದು, ಯಾರ ಅಪ್ಪಣೆಯೂ ಬೇಡ. ನನ್ನ ಮಟ್ಟಿಗೆ ಓಪನ್ ಸೋರ್ಸ್ ಆರಿಸಿಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅಂದಹಾಗೆ, ಪುಕ್ಕಟೆ ಸಿಗುವ ಸಾಫ್ಟ್‌ವೇರೆಲ್ಲ ಓಪನ್ ಸೋರ್ಸ್ ಅಲ್ಲ. ದುಡ್ಡು ತೆಗೆದುಕೊಳ್ಳದೆ ಕೊಟ್ಟು, ಮೂಲ ಕೋಡ್ ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುವವರೂ ಇದ್ದಾರೆ. ನಿಮ್ಮ ಮೇಲಿನವರು ಎರಡನ್ನೂ ಒಂದೇ ಅಂದುಕೊಂಡಿರಬಹುದು, ಅದನ್ನು ಮೊದಲೇ ಬಿಡಿಸಿ ಹೇಳಿ.

"ಕೆಟ್ಟರೆ ಯಾರನ್ನ ಹಿಡಿಯೋದು" ಅನ್ನೋದಕ್ಕೆ ಕೋಹಾದ ಕಥೆಯಲ್ಲೇ ಉತ್ತರ ಇದೆ. ನ್ಯೂಜಿಲೆಂಡ್‌ನ ಹೊರೊವ್ಹೆನುವಾ ಲೈಬ್ರರಿ ಟ್ರಸ್ಟ್ ಬಳಸುತ್ತಿದ್ದ ಹಳೇ ವ್ಯವಸ್ಥೆ 2000ನೇ ಇಸವಿಯ ದಿನಾಂಕವನ್ನು ಅರಗಿಸಿಕೊಳ್ಳುವಂತಿರಲಿಲ್ಲ. ಹೊಸದನ್ನು ಕೊಳ್ಳುವ ಬದಲು ಅವರು 1999ರಲ್ಲಿ ಕಟಿಪೊ ಅನ್ನೋ ಸಣ್ಣ ಕಂಪನಿಯಿಂದ ಬ್ರೌಸರಿನಲ್ಲೇ ನಡೆಯುವ ಒಂದು ವ್ಯವಸ್ಥೆ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ಕೋಡನ್ನು ಜಿಪಿಎಲ್ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ) ಲೈಸೆನ್ಸಿನಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಮುಂದೆ ಅಮೆರಿಕದ ಒಂದು ಕಂಪನಿ ಅದೇ ನ್ಯೂಜಿಲೆಂಡ್‌ನಲ್ಲಿ ಕೋಹಾ ಅನ್ನೋ ಹೆಸರಿನ ಟ್ರೇಡ್‌ಮಾರ್ಕ್ ತನಗೆ ಬೇಕು ಅಂತ ಅರ್ಜಿ ಹಾಕಿತು. ವರ್ಷಗಟ್ಟಲೆ ಜಗ್ಗಾಟ ನಡೆದು 2013ರಲ್ಲಿ ಆ ಅರ್ಜಿ ತಿರಸ್ಕೃತವಾಯಿತು. ಹೆಸರಿಗೆ ಅಷ್ಟು ಕಿತ್ತಾಟ ನಡೆಯುತ್ತಿದ್ದಾಗಲೂ ಕೋಡ್ ಕೆಲಸ ಒಂದು ದಿನ ನಿಲ್ಲಲಿಲ್ಲ, ಯಾಕೆಂದರೆ ಅದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಈಗಲೂ ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರಿನಲ್ಲಿ, ಹೊಸ ಆವೃತ್ತಿ ಬರುತ್ತೆ. ಆವೃತ್ತಿಯ ಅಂಕಿಯೇ ಅದನ್ನು ಹೇಳುತ್ತೆ: 24.05 ಅಂದರೆ 2024ರ ಮೇ.

ಸಪೋರ್ಟ್ ಬೇಕೇ ಬೇಕು ಅಂದರೆ ದುಡ್ಡು ತೆಗೆದುಕೊಂಡು ಮಾಡಿಕೊಡುವ ಕಂಪನಿಗಳು ಹಲವು ದೇಶಗಳಲ್ಲಿವೆ. ಅವರ ಕೆಲಸ ಹಿಡಿಸದಿದ್ದರೆ ಸಾಫ್ಟ್‌ವೇರ್ ಹಾಗೇ ಇಟ್ಟುಕೊಂಡು ಕಂಪನಿಯನ್ನಷ್ಟೇ ಬದಲಾಯಿಸಬಹುದು. ಮೇಲಿನವರಿಗೆ ಹೇಳಲು ಈ ಒಂದು ವಾಕ್ಯ ಸಾಕು.

ಆದರೂ ಒಂದು ಮಾತು ಖಡಾಖಂಡಿತ. ಲೈಬ್ರರಿಯಲ್ಲಾಗಲಿ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಾಗಲಿ ಲಿನಕ್ಸ್ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ಮುಂದೆ ಕೂರಲು ಹೆದರದ ಒಬ್ಬರೂ ಇಲ್ಲ, ಹೊರಗಿನ ಸಪೋರ್ಟಿಗೂ ದುಡ್ಡಿಲ್ಲ ಅಂತಾದರೆ ಈ ವರ್ಷ ಬೇಡ, ಬಿಟ್ಟುಬಿಡಿ. ಇನ್ಸ್ಟಾಲ್ ಮಾಡೋದು ದೊಡ್ಡ ವಿಷಯವಲ್ಲ. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಮೇಲೆ ತಯಾರು ಪ್ಯಾಕೇಜ್ ಇದೆ, ತಿಳಿದವರಿಗೆ ಒಂದು ಮಧ್ಯಾಹ್ನದ ಕೆಲಸ. ಕಷ್ಟ ಇರೋದು ಆಮೇಲೆ, ಒಂದು ಬೆಳಗ್ಗೆ ಕೌಂಟರಿನಲ್ಲಿ ಹುಡುಗರು ಸಾಲುಗಟ್ಟಿ ನಿಂತಿರುವಾಗ ಡಿಸ್ಕ್ ತುಂಬಿ ಸರ್ವರ್ ನಿಂತರೆ.

ಈಗ ಡೇಟಾ ವಿಷಯ. ಸಾಫ್ಟ್‌ವೇರ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರು ಇದರ ಬಗ್ಗೆ ಮಾತೇ ಆಡುವುದಿಲ್ಲ, ಆದರೆ ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ. ಸಾಮಾನ್ಯವಾಗಿ ಹಳೇ ವ್ಯವಸ್ಥೆಯಿಂದ ನಿಮಗೆ ಸಿಗೋದು ಒಂದು ಎಕ್ಸೆಲ್ ಹಾಳೆ. ಅದನ್ನು ತೆರೆದ ಕೂಡಲೇ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕಾಲಂ ನೋಡಿ. ಹದಿಮೂರು ಅಂಕಿಯ ಸಂಖ್ಯೆಯನ್ನು ಎಕ್ಸೆಲ್ ತನ್ನಷ್ಟಕ್ಕೆ ಚಿಕ್ಕದು ಮಾಡಿ, ದಶಮಾಂಶ ಮತ್ತು ಘಾತದ ರೂಪದಲ್ಲಿ ತೋರಿಸುತ್ತಿರುತ್ತೆ. ಅದನ್ನು ಹಾಗೇ, ಬರೀ ಅಕ್ಷರಗಳ ಸಾದಾ ಫೈಲಾದ ಸಿಎಸ್‌ವಿ ಆಗಿ ಸೇವ್ ಮಾಡಿದಿರೋ, ಕೊನೆಯ ಅಂಕಿಗಳು ಹೋದವು ಅಂತಲೇ ಲೆಕ್ಕ. ಅಕ್ಸೆಷನ್ ನಂಬರಿಗೂ (ಲೈಬ್ರರಿ ಪ್ರತಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ) ಇದೇ ಗತಿ: ಪುಸ್ತಕದ ಮೇಲಿನ ಬಾರ್‌ಕೋಡಿನಲ್ಲಿ 00457 ಅಂತಿದ್ದರೆ ಹಾಳೆಯಲ್ಲಿ 457 ಆಗಿರುತ್ತೆ. ಸ್ಕ್ಯಾನರ್ ಓದೋದು ಒಂದು, ಕೋಹಾದಲ್ಲಿರೋದು ಇನ್ನೊಂದು, ಪುಸ್ತಕ ಕೈಯಲ್ಲಿದ್ದರೂ "ಇಂಥ ಬಾರ್‌ಕೋಡ್ ಇಲ್ಲ" ಅಂತ ಪರದೆ ಹೇಳುತ್ತೆ. ಆ ಎರಡು ಕಾಲಂಗಳನ್ನು ಮೊದಲೇ ಟೆಕ್ಸ್ಟ್ ಅಂತ ಗುರುತಿಸಿ ಫೈಲನ್ನು ಇಂಪೋರ್ಟ್ ಮಾಡಿಕೊಂಡರೆ ತಾಪತ್ರಯ ತಪ್ಪುತ್ತೆ. ಲಿಬ್ರೆಆಫೀಸಿನಲ್ಲಿ ಸಿಎಸ್‌ವಿ ತೆರೆಯುವಾಗಲೇ ಆ ಆಯ್ಕೆ ಕೇಳುತ್ತೆ, ಅದಕ್ಕೇ ಈ ಕೆಲಸಕ್ಕೆ ನಾನು ಅದನ್ನೇ ಬಳಸೋದು.

ಆಮೇಲೆ ಲೇಖಕರ ಹೆಸರು. ಇನಿಷಿಯಲ್ ಮುಂದೆ, ಇನಿಷಿಯಲ್ ಹಿಂದೆ, ಚುಕ್ಕಿ ಇದ್ದು, ಚುಕ್ಕಿ ಇಲ್ಲದೆ, "ಡಾ." ಸೇರಿಸಿ, ಬಿಟ್ಟು ಹೀಗೆ ಒಬ್ಬರೇ ಲೇಖಕರು ಐದಾರು ಜನರಾಗಿ ಕೂತಿರುತ್ತಾರೆ. ಇದನ್ನು ಓಪನ್‌ರಿಫೈನ್ ಅನ್ನೋ ಇನ್ನೊಂದು ಓಪನ್ ಸೋರ್ಸ್ ಸಾಧನ ಚೆನ್ನಾಗಿ ನಿಭಾಯಿಸುತ್ತೆ. ಒಂದೇ ಥರ ಕಾಣುವ ಹೆಸರುಗಳನ್ನೆಲ್ಲ ಗುಂಪು ಮಾಡಿ ಮುಂದಿಡುತ್ತೆ, ಯಾವುದು ಸರಿ ಅಂತ ನೀವು ಹೇಳಿದರೆ ಉಳಿದವನ್ನೆಲ್ಲ ಹಾಗೇ ತಿದ್ದುತ್ತೆ. ಹಾಳೆ ಶುಚಿಯಾದ ಮೇಲೆ ಮಾರ್ಕ್‌ಎಡಿಟ್‌ನಲ್ಲಿ ಅದನ್ನು ಮಾರ್ಕ್ ರೂಪಕ್ಕೆ ತಿರುಗಿಸಿ, ಶೀರ್ಷಿಕೆ ಮಾರ್ಕಿನ 245ನೇ ಖಾನೆಗೆ, ಐಎಸ್‌ಬಿಎನ್ 020ಕ್ಕೆ, ಪ್ರತಿಯ ವಿವರ ಕೋಹಾದ 952ಕ್ಕೆ ಹೊಂದಿಸಬೇಕು. (ಮಾರ್ಕ್‌ಎಡಿಟ್ ಓಪನ್ ಸೋರ್ಸ್ ಅಲ್ಲ, ಪುಕ್ಕಟೆ ಅಷ್ಟೆ. ಮೇಲೆ ಹೇಳಿದ ವ್ಯತ್ಯಾಸಕ್ಕೆ ಕೈಯಳತೆಯ ಉದಾಹರಣೆ.) ಇಂಗ್ಲಿಷ್ ಪುಸ್ತಕಗಳನ್ನು ಕೂತು ಟೈಪ್ ಮಾಡಲೇಬೇಡಿ. ಝಡ್39.50 (ಬೇರೆ ಲೈಬ್ರರಿಯ ಕ್ಯಾಟಲಾಗಿನಲ್ಲಿ ಹುಡುಕಿ ದಾಖಲೆ ತರುವ ವಿಧಾನ) ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ಕಡೆಯಿಂದ ತಯಾರು ದಾಖಲೆ ಎಳೆದುಕೊಳ್ಳಬಹುದು.

ಕನ್ನಡ ಪುಸ್ತಕಗಳ ವಿಷಯಕ್ಕೆ ಬಂದರೆ ಎರಡು ಗಂಟುಗಳಿವೆ. ಮೊದಲನೆಯದು ಕೋಹಾದ್ದಲ್ಲ, ನಮ್ಮದು. ಹಳೇ ದಾಖಲೆಗಳನ್ನು ಯುನಿಕೋಡ್ (ಎಲ್ಲ ಲಿಪಿಗಳಿಗೂ ಸೇರಿದ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ತೆಗೆದ ತಕ್ಷಣ ಕಾಣೋದು ತಲೆಬುಡವಿಲ್ಲದ ರೋಮನ್ ಅಕ್ಷರಗಳು. ಅವನ್ನು ಯುನಿಕೋಡಿಗೆ ತಿರುಗಿಸಲು ಪರಿವರ್ತಕಗಳಿವೆ, ಆದರೆ ಕಣ್ಣು ಮುಚ್ಚಿಕೊಂಡು ನಂಬಬೇಡಿ. ಅರ್ಕಾವತ್ತು ಇರುವ ಪದಗಳನ್ನೂ, ಕನ್ನಡದ ಜೊತೆ ಇಂಗ್ಲಿಷ್ ಬೆರೆತ ಶೀರ್ಷಿಕೆಗಳನ್ನೂ ಒಂದೊಂದಾಗಿ ನೋಡಲೇಬೇಕು. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಅಂತ ಗೊತ್ತಾಗಲ್ಲ.

ಎರಡನೆಯದು ಹುಡುಕಾಟ. ಕೋಹಾದ ಹಿಂದೆ ಹುಡುಕುವ ಕೆಲಸ ಮಾಡೋದು ಝೀಬ್ರಾ ಅನ್ನೋ ಇಂಡೆಕ್ಸರ್ (ಈಗ ಇಲಾಸ್ಟಿಕ್‌ಸರ್ಚ್ ಕೂಡ ಜೋಡಿಸಬಹುದು). ಝೀಬ್ರಾದ ಮೂಲ ಸೆಟ್ಟಿಂಗ್ ರೋಮನ್ ಲಿಪಿಗೆ ಹೊಂದುವಂಥದ್ದು. ಗುಣಿತ, ಒತ್ತಕ್ಷರ ಇರುವ ಲಿಪಿಗಳಿಗೆ ಅದನ್ನು ಐಸಿಯು (ಯುನಿಕೋಡ್ ಪಠ್ಯವನ್ನು ಸಂಭಾಳಿಸುವ) ವಿಧಾನಕ್ಕೆ ಬದಲಾಯಿಸಿ, ಇಡೀ ಇಂಡೆಕ್ಸನ್ನು ಮತ್ತೆ ಕಟ್ಟಿಸಬೇಕು. ಇದನ್ನು ಮಾಡದೆ "ಕೋಹಾದಲ್ಲಿ ಕನ್ನಡ ಬರಲ್ಲ" ಅಂತ ತೀರ್ಪು ಕೊಟ್ಟವರನ್ನು ನೋಡಿದ್ದೇನೆ. ಬರುತ್ತೆ, ಚೆನ್ನಾಗೇ ಬರುತ್ತೆ. ಇದಾದ ಮೇಲೂ ಒಂದು ಕಿರಿಕಿರಿ ಉಳಿಯಬಹುದು: "ರ್‍ಯಾಂಕ್" ಥರದ ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಅಕ್ಷರ ಅವಿತುಕೊಂಡಿರುತ್ತೆ. ದಾಖಲೆಯಲ್ಲಿ ಅದಿದ್ದು, ಹುಡುಕುವವರು ಅದಿಲ್ಲದೆ ಟೈಪ್ ಮಾಡಿದರೆ ಪುಸ್ತಕ ಕಪಾಟಿನಲ್ಲಿದ್ದರೂ ಪರದೆಯಲ್ಲಿ ಇಲ್ಲ. ಐಸಿಯು ನಿಯಮಗಳ ಫೈಲಿನಲ್ಲಿ ಅಂಥ ಅಕ್ಷರಗಳನ್ನು ತೆಗೆದುಹಾಕು ಅಂತ ಒಂದು ಸಾಲು ಸೇರಿಸಬಹುದು. ಇಂಥ ತೀರಾ ನಮ್ಮದೇ ಆದ ತೊಡಕನ್ನು ಬಿಡಿಸಲು ಯಾವ ಕಂಪನಿಯ ಮರ್ಜಿಯನ್ನೂ ಕಾಯಬೇಕಿಲ್ಲ. ಫೈಲ್ ತೆರೆಯಿರಿ, ತಿದ್ದಿ, ಇಂಡೆಕ್ಸ್ ಮತ್ತೆ ಕಟ್ಟಿಸಿ.

ಆದರೆ ತಿದ್ದುವ ಸ್ವಾತಂತ್ರ್ಯ ಇದೆ ಅಂತ ಕೋಹಾದ ಮೂಲ ಕೋಡಿಗೆ ಕೈ ಹಾಕಬೇಡಿ. ಮುಂದಿನ ಅಪ್‌ಡೇಟಿನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತೆ, ಅದು ಅಳಿಯಬಾರದು ಅಂತ ಅಪ್‌ಡೇಟೇ ಮಾಡದೆ ಕೂರುವ ಪರಿಸ್ಥಿತಿ ಬರುತ್ತೆ. ಪುಟದ ಮೇಲೆ ಕಾಲೇಜಿನ ಲಾಂಛನ, ಬಣ್ಣ, ಒಂದೆರಡು ಬಟನ್ ಬೇಕು ಅಂದರೆ ಸೆಟ್ಟಿಂಗಿನಲ್ಲೇ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಹಾಕಲು ಜಾಗ ಕೊಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಪ್ಲಗಿನ್ ಇವೆ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪ್ಯಾಕೇಜ್ ಮೂಲಕ ಇನ್ಸ್ಟಾಲ್ ಮಾಡಿದರೆ ಕೋಹಾ ದಿನಾ ತಾನಾಗೇ ಬ್ಯಾಕಪ್ ತೆಗೆಯುತ್ತೆ. ಅದನ್ನು ಕೇಳಿ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ. ಆದರೆ ಆ ಫೈಲ್ ಕೂತಿರೋದು ಅದೇ ಸರ್ವರಿನ ಡಿಸ್ಕಿನಲ್ಲಿ, ಅದೂ ಮೂಲ ಸೆಟ್ಟಿಂಗಿನ ಪ್ರಕಾರ ಎರಡು ದಿನದ್ದು ಮಾತ್ರ. ಡಿಸ್ಕ್ ಹೋದರೆ ಡೇಟಾ ಜೊತೆ ಬ್ಯಾಕಪ್ಪೂ ಹೋಯಿತು. ದಿನಾ ರಾತ್ರಿ ಇನ್ನೊಂದು ಯಂತ್ರಕ್ಕೆ ನಕಲಾಗುವ ಹಾಗೆ ಮಾಡಿ. ಆಗಾಗ ಒಂದು ಖಾಲಿ ಯಂತ್ರದಲ್ಲಿ ಅದರಿಂದ ಲೈಬ್ರರಿಯನ್ನು ಮತ್ತೆ ಎಬ್ಬಿಸಿ ನೋಡಿ. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೋಹಾದಲ್ಲಿ ನನಗೆ ಹಿಡಿಸದ್ದೂ ಇದೆ. ಸೆಟ್ಟಿಂಗುಗಳು ನೂರಾರು, ಯಾವುದು ಯಾವುದರ ಮೇಲೆ ಪರಿಣಾಮ ಮಾಡುತ್ತೆ ಅಂತ ತಿಳಿಯಲು ಕಾಲ ಬೇಕು. ನಿಯತಕಾಲಿಕೆಗಳ ವಿಭಾಗ ಹೊಸಬರಿಗೆ ತಲೆ ತಿನ್ನುತ್ತೆ. ಸಣ್ಣ ಲೈಬ್ರರಿಗಳು ಖರೀದಿ ವಿಭಾಗವನ್ನು ಮೊದಲ ವರ್ಷ ಮುಟ್ಟದಿರುವುದೇ ಒಳ್ಳೇದು. ಇನ್ನೊಂದು, ರಜಾದಿನಗಳ ಕ್ಯಾಲೆಂಡರ್ ತುಂಬಿಸಿ, ದಂಡದ ಲೆಕ್ಕ ಆ ಕ್ಯಾಲೆಂಡರ್ ನೋಡಿಯೇ ಆಗಲಿ ಅಂತ ಸೆಟ್ ಮಾಡದೆ ಕೌಂಟರ್ ತೆರೆಯಬೇಡಿ. ಭಾನುವಾರಕ್ಕೂ ದಂಡ ಬಿದ್ದರೆ ಜಗಳಕ್ಕೆ ಬರೋದು ಸಾಫ್ಟ್‌ವೇರ್ ಬರೆದವರ ಹತ್ತಿರ ಅಲ್ಲ, ನಿಮ್ಮ ಹತ್ತಿರ. ಒಟ್ಟು ಸಂಗ್ರಹವೇ ಸಾವಿರ ಪುಸ್ತಕದ ಆಸುಪಾಸಿನಲ್ಲಿದ್ದರೆ ಇಷ್ಟೆಲ್ಲ ಸರಂಜಾಮು ಬೇಡವೇ ಬೇಡ.

ದೊಡ್ಡ ಜಾಲಕ್ಕೆ ಕೋಹಾ ಒಂದೇ ದಾರಿ ಅಂತಲೂ ಅಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು ಪರಸ್ಪರ ಪುಸ್ತಕ ಹಂಚಿಕೊಳ್ಳುವ ಜಾಲಕ್ಕಾಗಿ ಎವರ್‌ಗ್ರೀನ್ ಬರೆಸಿ 2006ರಲ್ಲಿ ಬಳಕೆಗೆ ತಂದವು. ಒಂದೇ ಕಾಲೇಜಿಗೆ ಅದು ಅತಿಯಾಗುತ್ತೆ.

ಪ್ರಾಜೆಕ್ಟ್ ವರದಿ, ಪ್ರಶ್ನೆಪತ್ರಿಕೆಗಳನ್ನು ಕೋಹಾದೊಳಗೆ ತುರುಕಬೇಡಿ. ಕೋಹಾ ಇರೋದು ಕಪಾಟಿನಲ್ಲಿರುವ ಪುಸ್ತಕ ಯಾರ ಹತ್ತಿರ ಇದೆ ಅಂತ ನೋಡಿಕೊಳ್ಳಲು. ಫೈಲುಗಳನ್ನೇ ಇಡಲು, ಹುಡುಕಲು, ಯಾರಿಗೆ ತೋರಿಸಬೇಕು ಯಾರಿಗೆ ಬೇಡ ಅಂತ ನಿರ್ಧರಿಸಲು ಡಿಸ್ಪೇಸ್ ಇದೆ. ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಸೇರಿ 2002ರಲ್ಲಿ ಹೊರತಂದ ಓಪನ್ ಸೋರ್ಸ್ ವ್ಯವಸ್ಥೆ ಅದು. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ನಡೆಯೋದೂ ಅದರ ಮೇಲೇ. ಕೋಹಾಗೆ ಹೋಲಿಸಿದರೆ ಅದನ್ನು ಇನ್ಸ್ಟಾಲ್ ಮಾಡಿ ನಡೆಸೋದು ಕಷ್ಟ, ಮೆಮೊರಿಯೂ ಹೆಚ್ಚು ಬೇಕು. ಹಾಗಾಗಿ ಎರಡನ್ನೂ ಒಂದೇ ಸರ್ವರಿನಲ್ಲಿ, ಒಂದೇ ಬೇಸಿಗೆ ರಜೆಯಲ್ಲಿ ಮುಗಿಸುತ್ತೇವೆ ಅಂತ ಮೇಲಿನವರಿಗೆ ಮಾತು ಕೊಡಬೇಡಿ. ಮೊದಲು ಕೋಹಾದ ಒಂದು ಪ್ರಯೋಗದ ಪ್ರತಿ ಇನ್ಸ್ಟಾಲ್ ಮಾಡಿ, ಕನ್ನಡದ ನೂರು, ಇಂಗ್ಲಿಷಿನ ನೂರು ಪುಸ್ತಕ ಹಾಕಿ, ಕೌಂಟರಿನಲ್ಲಿ ಕೂರುವವರ ಕೈಗೇ ಅದನ್ನು ಕೊಡಿ. ಅವರು ಎಲ್ಲೆಲ್ಲಿ ಗೊಣಗುತ್ತಾರೋ ಬರೆದಿಟ್ಟುಕೊಂಡು ಇಲ್ಲೇ ಕೆಳಗೆ ಹಾಕಿ, ಗೊತ್ತಿದ್ದಷ್ಟು ಹೇಳುತ್ತೇನೆ.